ಮಾಸ್ಟರ್ ಮನೆಯ ಮಂಕು ಬಲ್ಬು

ನಮ್ಮ ಮನೆಯಲ್ಲಿ ಬೆಳಕು ಸಾಲದು ಎಂದು ನಾನು ಹೇಳುತ್ತಿದ್ದೆ. ಸಾಕು ಎಂದು ಮಿಕ್ಕವರೆಲ್ಲ ಹೇಳುತ್ತಿದ್ದರು. ಇಂಥ ವಿಷಯವನ್ನು ಮತಕ್ಕೆ ಹಾಕಿದರೆ ಯಾರು ಸೋಲುತ್ತಾರೆಂದು ಮದುವೆಯಾದ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಣ್ಣ, ಬೆಳಕು ಇವೆಲ್ಲ ಮತಕ್ಕೆ ಹಾಕುವ ವಿಷಯಗಳೇ ಅಲ್ಲ. ತಿಳಿದವರು ಹೇಳಬೇಕು, ತಿಳಿಯದವರು ಕೇಳಬೇಕು. ಧಾರಾಪುರದ ನಮ್ಮ ಬೀದಿಯಲ್ಲಿ ತಿಳಿದವನು ಎಂದರೆ ನಾನೊಬ್ಬನೇ.

ಇದನ್ನು ಜಂಬ ಎನ್ನುತ್ತೀರಾ? ಅನ್ನಿ. ಜಂಬವೇ, ಆದರೆ ದುಡಿದು ಸಂಪಾದಿಸಿದ ಜಂಬ. ತಿರುಪ್ಪೂರಿನ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಡೈಯಿಂಗ್ ಮಾಸ್ಟರ್ ಆಗಿದ್ದವನು ನಾನು. ವಿದೇಶದ ಕಂಪನಿಯವರು ಬೆರಳಗಲದ ಬಟ್ಟೆಯ ತುಂಡು ಕಳಿಸಿ, 'ಇದೇ ಬಣ್ಣ ಬೇಕು' ಎನ್ನುತ್ತಿದ್ದರು. ನಾನು ಅದನ್ನು ಕಿಟಕಿಯ ಹತ್ತಿರ ಒಂದು ಸಲ ನೋಡಿ, 'ಕೆಂಪು ಇನ್ನೊಂದು ಚಿಟಿಕೆ ಕಡಿಮೆ ಮಾಡು' ಎಂದರೆ ಮುಗಿಯಿತು. ಆಮೇಲೆ ಬಣ್ಣ ಅಳೆಯುವ ಯಂತ್ರ ತಂದರು. ಅದೂ ಹಾಗೇ ಹೇಳಿತು. ಯಂತ್ರಕ್ಕೆ ನನ್ನ ಮೇಲೆ ಅಷ್ಟು ಗೌರವ. ವೆಂಕಟಾಚಲಂ ಎಂಬ ನನ್ನ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಊರಿಗೆಲ್ಲ ನಾನು ಮಾಸ್ಟರ್.

(ನಮ್ಮದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬನಿಗೇ. ಹುಡುಗನಾಗಿದ್ದಾಗ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಮೂರು ವರ್ಷ ಸ್ಕೂಲಿಗೆ ಹೋಗಿದ್ದರ ಫಲ. ಹಾಗಾಗಿ ಇಲ್ಲಿ ಹೆಂಡತಿಯ ಬಗ್ಗೆ ನಿರ್ಭಯವಾಗಿ ಬರೆಯುವ ಸೌಕರ್ಯ ನನಗಿದೆ. ಎಷ್ಟು ಗಂಡಂದಿರಿಗೆ ಈ ಭಾಗ್ಯ?)

ಹೋದ ವರ್ಷ ಮಳೆಗಾಲ ಮುಗಿದ ಮೇಲೆ, ಸಂಜೆ ಪೇಪರ್ ಓದಲು ಕುಳಿತರೆ ಅಕ್ಷರಗಳೆಲ್ಲ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕಾಣತೊಡಗಿದವು. ಹಾಲಿನ ಟ್ಯೂಬ್‌ಲೈಟ್ ಬದಲಾಯಿಸಿದೆ. ಹೊಸದೂ ಹಾಗೇ ಉರಿಯಿತು. ಅದನ್ನೂ ಬದಲಾಯಿಸಿದೆ.

"ಏನುಂಗ, ಈ ಟ್ಯೂಬಿಗೆ ಏನಾಗದೆ?" ಎಂದಳು ತಂಗಮಣಿ, ನನ್ನ ಹೆಂಡತಿ. "ನಲ್ಲಾಗೇ ಉರೀತಾ ಅದೆ."

"ಉರಿಯೋದು ಬೇರೆ, ಬೆಳಕು ಕೊಡೋದು ಬೇರೆ. ಬೆಂಕಿಕಡ್ಡಿನೂ ಉರಿಯುತ್ತೆ."

"ನನಗೆ ಅಕ್ಕಿಯಲ್ಲಿ ಕಲ್ಲು ಕಾಣ್ತದೆ. ಅಷ್ಟು ಸಾಕು."

"ಅಕ್ಕಿ ಆರಿಸೋ ಕಣ್ಣಿಗೂ ಬಣ್ಣ ನೋಡೋ ಕಣ್ಣಿಗೂ ವ್ಯತ್ಯಾಸ ಇದೆ ತಂಗಮಣಿ" ಎಂದೆ ನಾನು, ಸೌಮ್ಯವಾಗಿಯೇ. ಅವಳು ಉತ್ತರ ಕೊಡಲಿಲ್ಲ. ಸೋತಳು ಎಂದುಕೊಂಡೆ. (ಮೂವತ್ತೇಳು ವರ್ಷ ಸಂಸಾರ ಮಾಡಿದವನು ಹೆಂಡತಿಯ ಮೌನಕ್ಕೆ ಇಂಥ ಅರ್ಥ ಹಚ್ಚಬಾರದು.)

ಈ ಸಂಕಟದ ಕಾಲದಲ್ಲೇ ನನ್ನ ಹಳೆಯ ಸಹೋದ್ಯೋಗಿ ಹರಿಹರನ್ ಕೊಯಮತ್ತೂರಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದ. ಅಲ್ಲಿ ಗೋಡೆಯ ಮೇಲೊಂದು ದುಂಡು ಗುಂಡಿ ಇತ್ತು, ಫ್ಯಾನಿನ ರೆಗ್ಯುಲೇಟರಿನ ಹಾಗೆ. ಅದನ್ನು ತಿರುಗಿಸಿದರೆ ಹಾಲಿನ ಬಲ್ಬುಗಳೆಲ್ಲ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಫೋನಿನಲ್ಲಿ ಒತ್ತಿದರೆ ಅದೇ ಬಲ್ಬು ಚೆಂಡುಹೂವಿನ ಹಳದಿಯಿಂದ ಮಲ್ಲಿಗೆಯ ಬಿಳುಪಿಗೆ ಬರುತ್ತದೆ. ಸ್ಮಾರ್ಟ್ ಬಲ್ಬಂತೆ. ಊಟದ ಎಲೆ ಹಾಕಿದ್ದಾರೆ ಎಂದು ಮೂರು ಸಲ ಕರೆದರೂ ನಾನು ಗುಂಡಿ ಬಿಟ್ಟು ಕದಲಲಿಲ್ಲ. ಪಾಯಸ ತಪ್ಪಿತು. ಜ್ಞಾನೋದಯವಾಯಿತು.

ಮರುದಿನವೇ ಆರು ಸ್ಮಾರ್ಟ್ ಬಲ್ಬು ತಂದೆ. ಜೊತೆಗೆ ನಮ್ಮೂರ ಎಲೆಕ್ಟ್ರಿಕಲ್ ಅಂಗಡಿಯಿಂದ ಗೋಡೆಗೆ ಕೂರಿಸುವ ಒಂದು ಡಿಮ್ಮರ್. ಹರಿಹರನ್ ಮನೆಯದಕ್ಕಿಂತ ದೊಡ್ಡದು, ಹಿಡಿದರೆ ಕೈತುಂಬ ಸಿಗುವಂಥದ್ದು.

ಕೂರಿಸಲು ಶಿವಲಿಂಗಂನನ್ನು ಕರೆಸಿದೆ. ಇವನು ತಂಗಮಣಿಯ ತಮ್ಮ, ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್, ಪ್ರವೃತ್ತಿಯಲ್ಲಿ ನನ್ನ ಮಾತಿಗೆ ಅಡ್ಡ ಹೇಳುವವನು. ಬಲ್ಬಿನ ಡಬ್ಬಿಯೊಳಗಿನ ಕಾಗದ ಬಿಡಿಸಿ ಓದಿ, ಡಿಮ್ಮರನ್ನು ನನ್ನ ಕೈಗೇ ವಾಪಸು ಕೊಟ್ಟ.

"ಬಾವಾ, ಇದು ಬೇಡಿ. ಈ ಬಲ್ಬಿನೊಳಗೇ ಮೂಳೆ ಅದೆ."

(ತಮಿಳಿನಲ್ಲಿ ಮೂಳೈ ಎಂದರೆ ಮಿದುಳು. ನಮ್ಮವರ ಬಾಯಲ್ಲಿ ಅದು ಮೂಳೆಯೇ ಆಗಿಬಿಡುತ್ತದೆ. ಶಿವಲಿಂಗಂನ ತಲೆಯ ವಿಷಯದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಆಗ ನನಗೆ ಖಚಿತವಾಗಿತ್ತು.)

"ಇದ್ದರೆ ಒಳ್ಳೇದೇ ಆಯಿತು" ಎಂದೆ.

"ಅದಲ್ಲ ಬಾವಾ. ಬಲ್ಬು ತನ್ನ ವೆಳಿಚ್ಚವ, ಅದೇ ಬೆಳಕ, ತಾನೇ ಏರಿಸಿ ಇಳಿಸ್ತದೆ. ಅದಕ್ಕೆ ಯಾವಾಗ್ಲೂ ಪೂರಾ ಕರೆಂಟು ಇರ್ಬೇಕು. ನೀವು ಗೋಡೆಯಲ್ಲೇ ಕರೆಂಟಿನ ಕತ್ತು ಹಿಸುಕಿದ್ರೆ ಅದರ ಮೂಳೆಗೆ ಅನ್ನ ಇಲ್ದಂಗೆ ಆಗ್ತದೆ. ಒಬ್ಬ ಸೊಸೆಗೆ ಇಬ್ರು ಅತ್ತೆ ಇಟ್ಟಂಗೆ."

ಅಲ್ಲೇ ಮೇಜಿನ ಮುಂದೆ ಕುಳಿತು ಮಕ್ಕಳ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದ ನನ್ನ ಸೊಸೆ ವಿನೋದಿನಿ ಸಣ್ಣಗೆ ಕೆಮ್ಮಿದಳು. ಅವಳು ಇಲ್ಲಿನ ಶಾಲೆಯಲ್ಲಿ ಗಣಿತದ ಟೀಚರ್. ಒಬ್ಬ ಅತ್ತೆಯ ಜೊತೆ ಒಬ್ಬ ಮಾವ ಸೇರಿದರೆ ಎಷ್ಟಾಗುತ್ತದೆಂಬ ಲೆಕ್ಕ ಅವಳಿಗೆ ಗೊತ್ತು. (ಮಗ ಸತೀಶ್‌ಕುಮಾರ್ ತಿರುಪ್ಪೂರಿನ ನಿಟ್ಟಿಂಗ್ ಕಂಪನಿಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಏನಾದರೂ ನಡೆಯುವಾಗ ಅವನು ಎಂದೂ ಇರುವುದಿಲ್ಲ. ಪುಣ್ಯವಂತ.)

"ಶಿವಲಿಂಗಂ, ನಾನು ಬಾಯ್ಲರ್ ಓಡಿಸಿದವನು. ನನಗೆ ಬಲ್ಬಿನ ಪಾಠ ಹೇಳಬೇಡ."

"ಹೇಳಲ್ಲ. ಕೂರಿಸೋದೂ ಇಲ್ಲ" ಎಂದು ಅಕ್ಕನ ಕೈಯ ಕಾಫಿ ಕುಡಿದು ಹೊರಟುಹೋದ.

ಭಾನುವಾರ ಬೆಳಗ್ಗೆ ಮೇನ್ ಆಫ್ ಮಾಡಿ ಡಿಮ್ಮರನ್ನು ನಾನೇ ಕೂರಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಡತಿ, ಸೊಸೆ ಇಬ್ಬರನ್ನೂ ಹಾಲಿಗೆ ಕರೆದು ನಿಲ್ಲಿಸಿ ಗುಂಡಿಗೆ ಕೈ ಹಾಕಿದೆ. ಆರು ಬಲ್ಬುಗಳೂ ಹತ್ತಿದವು. ಅರ್ಧಕ್ಕೆ ಇಳಿಸಿದೆ. ಆರೂ ಮದುವೆ ಮನೆಯ ಸೀರಿಯಲ್ ಲೈಟಿನ ಹಾಗೆ ಮಿಣುಕತೊಡಗಿದವು. ಗೋಡೆಯೊಳಗಿಂದ ಜುಂಯ್ ಎಂದು ಸದ್ದು ಬಂತು.

"ಏನುಂಗ, ಒಳಗೆ ಜೇನು ಕಟ್ಟಿದೆಯಾ?" ಎಂದಳು ತಂಗಮಣಿ.

"ಹೊಸದರಲ್ಲಿ ಹೀಗೇ. ಪಳಗಬೇಕು" ಎಂದು ನಾನು ಗುಂಡಿಯನ್ನು ಏರಿಸಿದೆ, ಇಳಿಸಿದೆ, ಆರಿಸಿದೆ, ಹಚ್ಚಿದೆ. ಹೀಗೆ ಐದಾರು ಸಲ ಆದ ಮೇಲೆ ಮಿಣುಕುವುದು ನಿಂತು, ಆರೂ ಒಂದೇ ತಾಳದಲ್ಲಿ ನಿಧಾನವಾಗಿ ಕಣ್ಣು ಮಿಟುಕಿಸತೊಡಗಿದವು. ಪಳಗಿದವು ಎಂದುಕೊಂಡೆ. ವಿನೋದಿನಿ ಫೋನ್ ತೆಗೆದು ನೋಡಿದಳು.

"ಮಾಮಾ, ಆಫ್ ಆನ್, ಆಫ್ ಆನ್ ಮಾಡಿದ್ರಿ ಅಲ್ವಾ, ಅದಕ್ಕೆ ಎಲ್ಲ ಬಲ್ಬೂ ರೀಸೆಟ್ ಆಗಿವೆ. ನಾವು ಯಾರು ಅಂತಲೇ ಅವಕ್ಕೆ ಗೊತ್ತಿಲ್ಲ ಈಗ."

ಆರು ಬಲ್ಬುಗಳಿಗೂ ಏಕಕಾಲದಲ್ಲಿ ಅರಳುಮರಳು. ಪಾಪ, ಅವಳು ತಿದ್ದುವ ಪೇಪರ್ ಬದಿಗಿಟ್ಟು, ಒಂದೊಂದು ಬಲ್ಬಿಗೂ ಹೊಸದಾಗಿ ಹೆಸರಿಟ್ಟು ಮನೆಗೆ ಸೇರಿಸಿಕೊಂಡಳು. ಅಂದು ಒಂದೇ ಸಂಜೆ ಆರು ನಾಮಕರಣ.

ಮರುದಿನ ಶಿವಲಿಂಗಂ ಬಂದ. 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಅದನ್ನು ಹೇಳದೆಯೇ ಎಷ್ಟು ಚೆನ್ನಾಗಿ ಹೇಳಬಹುದೆಂದು ಅವನ ಮುಖ ನೋಡಿ ಕಲಿಯಬೇಕು. ನನ್ನ ಡಿಮ್ಮರನ್ನು ಕಿತ್ತ, ಬಲ್ಬುಗಳಿಗೆ ನೇರವಾಗಿ ಕರೆಂಟು ಕೊಟ್ಟ, ಅದೇ ಜಾಗದಲ್ಲಿ ಬ್ಯಾಟರಿ ಹಾಕಿದ ಬೇರೊಂದು ಗುಂಡಿ ಅಂಟಿಸಿದ.

"ಬಾವಾ, ಈ ಗುಂಡಿಗೂ ಕರೆಂಟಿಗೂ ಸಂಬಂಧ ಇಲ್ಲ. ಇದು ಬಲ್ಬಿಗೆ ಸುಮ್ಮಾ ಸುದ್ದಿ ಹೇಳ್ತದೆ. ಏರು ಅಂದ್ರೆ ಏರ್ತದೆ, ಇಳಿ ಅಂದ್ರೆ ಇಳೀತದೆ."

ಕೆಲಸ ಚೊಕ್ಕವಾಗಿತ್ತು. ಮಿಣುಕಿಲ್ಲ, ಜೇನಿನ ಸದ್ದಿಲ್ಲ. ಮುಂದಿನ ಎರಡು ವಾರ ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಬಲ್ಬಿಗೆ ಮಿದುಳಿರುತ್ತದೆ, ಅದಕ್ಕೆ ಪೂರಾ ಕರೆಂಟು ಬೇಕು, ಸಾಧಾರಣ ಡಿಮ್ಮರ್ ಹಾಕುವವರು ಅಜ್ಞಾನಿಗಳು ಎಂದು ವಿವರಿಸಿದೆ. ಇದೆಲ್ಲ ನನ್ನದೇ ಸಂಶೋಧನೆ ಎಂದು ಕೇಳಿದವರು ತಿಳಿದುಕೊಂಡರು. ಅವರ ತಿಳಿವಳಿಕೆಯನ್ನು ಕದಡುವುದು ಸಭ್ಯತೆಯಲ್ಲ.

ಆದರೆ ಗುಂಡಿ ಎಂದರೆ ಹಳ್ಳ ಎಂಬ ಅರ್ಥವೂ ನಮ್ಮ ಭಾಷೆಯಲ್ಲಿದೆ. ಈ ಗುಂಡಿಯನ್ನು ನಾನು ಪೂರಾ ತಿರುಗಿಸಿಟ್ಟು, ಬಣ್ಣವನ್ನು ಅಚ್ಚ ಬಿಳುಪಿಗೆ ತಂದರೆ ನನಗೆ ಪೇಪರ್ ಓದುವಷ್ಟು ಬೆಳಕು ಬರುತ್ತಿತ್ತು. ನಾನು ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಇಳಿಸಿರುತ್ತಿದ್ದರು. ನಾನು ಏರಿಸಿದರೆ ತಂಗಮಣಿ ಇಳಿಸುವಳು, ನಾನು ಮತ್ತೆ ಏರಿಸಿದರೆ ವಿನೋದಿನಿ ಇಳಿಸುವಳು.

"ಮಾಮಾ, ಜ್ಯೂಯೆಲ್ಲರಿ ಅಂಗಡಿಯಲ್ಲಿ ಕೂತಂಗೆ ಇದೆ. ತಲೆ ನೋವು ಬರುತ್ತೆ" ಎನ್ನುವಳು ಸೊಸೆ.

"ಎದುರು ಮನೆ ರಾಜಮ್ಮಕ್ಕ ಕೇಳ್ತಾ ಇದ್ರು, ನಿಮ್ಮ ಮನೇಲಿ ವೆಲ್ಡಿಂಗ್ ಇಟ್ಟಿದೀರಾ ಅಂತ" ಎನ್ನುವಳು ಹೆಂಡತಿ.

ಒಂದು ಸಂಜೆ ನಾನು, "ವಿನೋದಿನಿ, ಫೋನಿನಲ್ಲಿ ಇನ್ನೂ ಸ್ವಲ್ಪ ಏರುತ್ತದಾ ನೋಡಮ್ಮ" ಎಂದೆ. ಅವಳು ಫೋನ್ ಹಿಡಿದು, "ಏರಿಸಿದೆ ಮಾಮಾ" ಎಂದಳು. "ನೋಡು, ಈಗ ಬಂತು ನಿಜವಾದ ಬೆಳಕು" ಎಂದೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಬಲ್ಬು ಆಗಲೇ ಪೂರಾ ಇತ್ತು, ಏರಿಸಲು ಇನ್ನೇನೂ ಉಳಿದಿರಲಿಲ್ಲ ಎಂಬುದು ನನಗೆ ಎಷ್ಟೋ ದಿನದ ಮೇಲೆ ತಿಳಿಯಿತು.

ಈ ನಡುವೆ ನನ್ನ ವರ್ಷದ ಸೇವೆಯ ಸಮಯ ಬಂತು. ನಮ್ಮ ಕುಲದವರ ಚೌಡೇಶ್ವರಿ ಅಮ್ಮನ ಗುಡಿಗೆ ಪ್ರತಿ ವರ್ಷ ಒಂದು ರೇಷ್ಮೆ ಸೀರೆಯನ್ನು ನಾವೇ ನೇಯ್ದು ಉಡಿಸುವ ವಾಡಿಕೆ. ಅದರ ಬಣ್ಣ ಹೊಂದಿಸುವ ಗೌರವ ನಾನು ಕೆಲಸದಲ್ಲಿದ್ದಾಗಿನಿಂದ ನನ್ನದೇ. ಈ ಸಲ ನವಿಲಿನ ಕತ್ತಿನ ನೀಲಿ. ಉದ್ದೆಳೆಯ ಹಾಸು ಆಗಲೇ ಮಗ್ಗಕ್ಕೆ ಏರಿತ್ತು. ಅದಕ್ಕೆ ಕೂದಲಷ್ಟೂ ವ್ಯತ್ಯಾಸವಿಲ್ಲದ ಹಾಗೆ ಅಡ್ಡೆಳೆಯ ಹೊಕ್ಕಿನ ನೂಲು ಆರಿಸಿಕೊಡಬೇಕು. ಗುಡಿ ಕಮಿಟಿಯ ರಾಜ್‌ಕುಮಾರ್ ಒಂಬತ್ತು ಲಡಿ (ನೂಲಿನ ಕಟ್ಟು) ರೇಷ್ಮೆಯನ್ನೂ ಹಾಸಿನ ಒಂದು ತುಂಡು ಎಳೆಯನ್ನೂ ತಂದುಕೊಟ್ಟು, "ನಾಲ್ಕು ಲಡಿ ಬೇಕು ಮಾಸ್ಟರ್" ಎಂದು ಹೋದ.

ಸಂಜೆ ಗುಂಡಿಯನ್ನು ಪೂರಾ ತಿರುಗಿಸಿ, ಆರು ಬಲ್ಬುಗಳ ಕೆಳಗೆ ಬಿಳಿ ಪಂಚೆ ಹಾಸಿ, ಒಂಬತ್ತು ಲಡಿಗಳನ್ನೂ ಸಾಲಾಗಿ ಇಟ್ಟೆ. ಎಳೆಯನ್ನು ಒಂದೊಂದರ ಮೇಲೂ ಇಟ್ಟು ನೋಡಿದೆ. ಎಲ್ಲವೂ ಕಡುಗಪ್ಪು ನೀಲಿಯಾಗಿ ಅಣ್ಣತಮ್ಮಂದಿರ ಹಾಗೆ ಮಲಗಿದ್ದವು. ಆದರೆ ಮೂವತ್ತನಾಲ್ಕು ವರ್ಷದ ಕಣ್ಣಿನಿಂದ ಯಾವ ಅಣ್ಣ, ಯಾವ ತಮ್ಮ ತಪ್ಪಿಸಿಕೊಂಡಾನು? ಅರ್ಧ ಗಂಟೆ ಕುಳಿತು ನಾಲ್ಕನ್ನು ಎತ್ತಿ ಬೇರೆ ಇಟ್ಟೆ.

ತಂಗಮಣಿ ಸೊಪ್ಪಿನ ಬುಟ್ಟಿ ಹಿಡಿದು ಹಾದುಹೋಗುತ್ತಿದ್ದವಳು ನಿಂತಳು.

"ಏನುಂಗ, ಅದರಲ್ಲಿ ಎರಡು ಹಸಿರು ಅಲ್ವಾ?"

"ಯಾವ ಹಸಿರು?"

"ಈ ಎರಡು. ಪಚ್ಚೆ ಹಸಿರು."

"ತಂಗಮಣಿ, ಈ ಮನೆಯಲ್ಲಿ ಡೈಯಿಂಗ್ ಮಾಸ್ಟರ್ ಯಾರು?"

"ನೀವೇಂಗ."

"ಮತ್ತೆ?"

"ಅತ್ತೆ ಹೇಳೋದು ಸರಿ ಇದ್ದಂಗೆ ಕಾಣುತ್ತೆ ಮಾಮಾ" ಎಂದಳು ವಿನೋದಿನಿ, ಪೇಪರಿನಿಂದ ತಲೆ ಎತ್ತದೆ.

"ಲೆಕ್ಕದಲ್ಲಿ ನೀನು ಹೇಳಿದ್ದು ನಾನು ಕೇಳ್ತೀನಮ್ಮ. ಬಣ್ಣದಲ್ಲಿ ನಾನು ಹೇಳಿದ್ದು ನೀವು ಕೇಳಿ" ಎಂದು ನಾಲ್ಕು ಲಡಿಗಳನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಕಪಾಟಿನಲ್ಲಿಟ್ಟೆ. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ನಾನು ಗೆದ್ದೆ. ಎರಡು ದಿನ ಬಿಟ್ಟು ಚೀಲವನ್ನು ನೇಕಾರ ದೊರೈಸಾಮಿಯ ಮನೆಗೆ ಹೋಗಿ ನಾನೇ ಕೊಟ್ಟು ಬಂದೆ.

ಒಂದೂವರೆ ತಿಂಗಳ ಮೇಲೆ ಒಂದು ಶುಕ್ರವಾರ ಬೆಳಗ್ಗೆ ಅಮ್ಮನಿಗೆ ಆ ಸೀರೆ ಉಡಿಸಿದರು. ಗುಡಿಯೊಳಗೆ ನನಗೆ ಎಲ್ಲವೂ ಹೊಗೆ ಕವಿದ ಹಾಗೆ ಕಂಡರೂ (ಕರ್ಪೂರದ ಹೊಗೆ ಎಂದುಕೊಂಡೆ) ಜನರ ಮಾತು ಸ್ಪಷ್ಟವಾಗಿ ಕೇಳಿಸಿತು. ನಿಜವಾದ ನವಿಲೇ ಬಂದು ಕುಳಿತಂತಿದೆ ಎಂದರು. ಹಾಸು ಯಾವುದು, ಹೊಕ್ಕು ಯಾವುದು ಬೇರೆ ಮಾಡಲಾಗದು ಎಂದು ನೇಯ್ದ ದೊರೈಸಾಮಿಯೇ ಹೇಳಿದ. ಕಮಿಟಿಯವರು ನನ್ನನ್ನು ಮುಂದೆ ಕರೆದು ಜರಿಯಂಚಿನ ಕೆಂಪು ಶಾಲು ಹೊದಿಸಿದರು. ನಾನು ತಿರುಗಿ ಹೆಂಗಸರ ಸಾಲಿನಲ್ಲಿದ್ದ ತಂಗಮಣಿಯ ಕಡೆ, 'ನೋಡಿದೆಯಾ ನಿನ್ನ ಹಸಿರು?' ಎಂಬ ಅರ್ಥದ ಒಂದು ನೋಟ ಬೀರಿದೆ. ಅವಳು ಕೈಮುಗಿದು ಅಮ್ಮನನ್ನೇ ನೋಡುತ್ತಿದ್ದಳು.

ಅಂದು ಸಂಜೆ ಶಾಲು ಹೊದ್ದೇ ಪೇಪರ್ ಓದಲು ಕುಳಿತರೆ ಬೆಳಕು ಇಲ್ಲವೇ ಇಲ್ಲ. ಗುಂಡಿ ಪೂರಾ ತಿರುಗಿತ್ತು. ಸನ್ಮಾನಿತನಿಗೆ ಸಹನೆ ಕಡಿಮೆ. ಶಿವಲಿಂಗಂಗೆ ಫೋನ್ ಮಾಡಿ, "ನಿನ್ನ ಗುಂಡಿ ಕೆಟ್ಟಿದೆ, ಈಗಲೇ ಬಾ" ಎಂದೆ.

ಅವನು ಬಂದವನೇ ಹೊಸಿಲಲ್ಲಿ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತ, ಮಧ್ಯಾಹ್ನದ ಬಿಸಿಲಿಗೆ ಹಿಡಿಯುವ ಹಾಗೆ. ಒಳಗೆ ಬಂದು ಗುಂಡಿ ಮುಟ್ಟಿ ನೋಡಿದ.

"ಬಾವಾ, ಈಗ ವೆಳಿಚ್ಚ ಜಾಸ್ತಿ ಇದೆಯಾ, ಕಮ್ಮಿ ಇದೆಯಾ?"

"ಕಮ್ಮಿ. ಅದಕ್ಕೇ ಅಲ್ಲವೇ ಕರೆದದ್ದು?"

ಅವನು ಅಕ್ಕನ ಕಡೆ ನೋಡಿದ. ಆಮೇಲೆ ಎಂದೂ ಇಲ್ಲದ ಮೆದು ದನಿಯಲ್ಲಿ, "ಒಂದು ಕಣ್ಣು ಮುಚ್ಚಿಕೊಳ್ಳಿ ಬಾವಾ. ಎಡಗಣ್ಣು" ಎಂದ. ಮುಚ್ಚಿದೆ. "ನಾನು ಎಷ್ಟು ಬೆರಳು ಹಿಡಿದಿದೀನಿ?"

ಬೆರಳಿರಲಿ, ನನಗೆ ಶಿವಲಿಂಗಂನೇ ಒಂದು ಕಂಬದ ಹಾಗೆ ಕಾಣುತ್ತಿದ್ದ.

"ಬಲ್ಬಿಗೆ ಏನೂ ಆಗಿಲ್ಲ ಬಾವಾ" ಎಂದ ಅವನು, ನನ್ನ ಪಕ್ಕ ಕುಳಿತು. "ಗುಂಡಿಗೂ ಏನೂ ಆಗಿಲ್ಲ. ನಾಳೆ ಕೊಯಮತ್ತೂರಿಗೆ ಹೋಗೋಣ. ಕಣ್ಣಾಸ್ಪತ್ರೆಗೆ."

ನಾನು ಪ್ರತಿಭಟಿಸಿದೆ. ಬೇರೆಯವರ ಕಣ್ಣು ಕೆಟ್ಟರೆ ಅದು ಕಣ್ಣು. ನನ್ನ ಕಣ್ಣು ಎಂದರೆ ಒಂದು ಸಂಸ್ಥೆ. ಆದರೆ ತಂಗಮಣಿ ಎದ್ದು ಹೋಗಿ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕತೊಡಗಿದಳು. ಅವಳು ಇಸ್ತ್ರಿ ಹಾಕಿದ ಮೇಲೆ ಆ ಪ್ರಯಾಣವನ್ನು ತಡೆಯಲು ಯಾವ ಶಕ್ತಿಯಿಂದಲೂ ಆಗದು.

ಆಸ್ಪತ್ರೆಯಲ್ಲಿ ಹೆಣ್ಣುಮಗಳೊಬ್ಬಳು ಡಾಕ್ಟರ್, ನನ್ನ ಸೊಸೆಯ ವಯಸ್ಸು. ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ ಎರಡು ಕಣ್ಣುಗಳನ್ನೂ ನೋಡಿ, ಎಷ್ಟು ದಿನದಿಂದ ಹೀಗೆ ಮಂಕಾಗಿದೆ ಎಂದು ತಮಿಳಿನಲ್ಲಿ ಕೇಳಿದಳು.

"ಕೂರಿಸಿ ಮೂರು ತಿಂಗಳಾಯಿತು" ಎಂದೆ.

"ಏನನ್ನು ಕೂರಿಸಿ?"

"ಬಲ್ಬನ್ನು."

ಹಿಂದೆ ನಿಂತಿದ್ದ ಶಿವಲಿಂಗಂ ಗೋಡೆಯ ಕಡೆ ತಿರುಗಿಕೊಂಡ. ಡಾಕ್ಟರ್ ನಗಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆ, ಬಲಗಣ್ಣಿನದು ಪೂರಾ ಹಣ್ಣಾಗಿದೆ, ಇದು ಮೂರು ತಿಂಗಳದ್ದಲ್ಲ, ಮೂರು ವರ್ಷದ್ದಾದರೂ ಇರಬೇಕು ಎಂದಳು. ಒಂದು ಲೋಟ ಚಹಾದ ಮೂಲಕ ಲೋಕವನ್ನು ನೋಡುತ್ತಿದ್ದೀರಿ, ಅದಕ್ಕೇ ಎಷ್ಟು ಬೆಳಕಿದ್ದರೂ ಸಾಲುತ್ತಿಲ್ಲ ಎಂದಳು. ಭಯವಿಲ್ಲ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದೂ ಹೇಳಿ, ಬರೆಯುತ್ತ ಬರೆಯುತ್ತ ಕೇಳಿದಳು:

"ಬಣ್ಣದಲ್ಲಿ ತೊಂದರೆ ಆಗಿರಬೇಕಲ್ಲ? ಇದರಲ್ಲಿ ಮೊದಲು ಕೈಕೊಡುವುದೇ ನೀಲಿ. ನೀಲಿ, ಹಸಿರು, ಕಪ್ಪು ಎಲ್ಲ ಒಂದೇ ಥರ ಕಾಣುತ್ತವೆ. ಏನು ಕೆಲಸ ಮಾಡುತ್ತಿದ್ದಿರಿ ಅಯ್ಯಾ?"

ನನ್ನ ಜೀವನದಲ್ಲಿ ಮೊದಲ ಬಾರಿಗೆ ನಾನು ಆ ಪ್ರಶ್ನೆಗೆ, "ತಿರುಪ್ಪೂರಿನಲ್ಲಿ ಕಂಪನಿ ಕೆಲಸ" ಎಂದಷ್ಟೇ ಹೇಳಿದೆ.

ಹೊರಗಿನ ಬೆಂಚಿನ ಮೇಲೆ ತಂಗಮಣಿಯ ಪಕ್ಕ ಕುಳಿತು ಡಾಕ್ಟರ್ ಕೊಟ್ಟ ಚೀಟಿಯನ್ನು ನಾಲ್ಕು ಸಲ ಮಡಿಸಿ ಬಿಡಿಸಿದೆ. ಕೊನೆಗೆ, "ತಂಗಮಣಿ, ಆ ಲಡಿ..." ಎಂದೆ.

"ಮೊದಲು ಆಪರೇಷನ್ ಆಗ್ಲಿ" ಎಂದಳು.

ಒಂದು ಕಣ್ಣಾಯಿತು, ಮೂರು ವಾರ ಬಿಟ್ಟು ಇನ್ನೊಂದಾಯಿತು. ಎಲ್ಲ ಮುಗಿದು ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಸಂಜೆ, ಹಾಲಿನಲ್ಲಿ ಕುಳಿತು ಕನ್ನಡಕ ತೆಗೆದೆ. ಥೂ. ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು.

"ಯಾರು ಇದನ್ನು ಹೀಗೆ ಇಟ್ಟವರು? ಇದೇನು ಮನೆಯೋ, ಮೀನಂಗಡಿಯೋ?" ಎಂದು ಗೋಡೆಯ ಹತ್ತಿರ ಹೋಗಿ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆ.

ವಿನೋದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ನನಗೇ ನೆನಪಾಯಿತು, ಮೂರು ದಿನದ ಹಿಂದೆ ಕಪ್ಪು ಕನ್ನಡಕದಲ್ಲಿ ಏನೂ ಕಾಣದೆಂದು ನಾನೇ ಪೂರಾ ಏರಿಸಿ, ಯಾರೂ ಮುಟ್ಟಕೂಡದೆಂದು ಆಜ್ಞೆ ಮಾಡಿದ್ದೆ. ಅಂತೂ ಆ ಸಂಜೆ ಮನೆಮಂದಿಗೆಲ್ಲ ಒಂದೇ ಬೆಳಕು ಸಾಕಾಯಿತು.

ಆಗ ತಂಗಮಣಿ ಕಪಾಟಿನ ಮೇಲಿನ ಹೊಲಿಗೆ ಡಬ್ಬಿ ಇಳಿಸಿ, ಅದರ ತಳದಿಂದ ಎರಡು ಲಡಿ ರೇಷ್ಮೆ ತೆಗೆದು ನನ್ನ ಮಡಿಲಲ್ಲಿಟ್ಟಳು. ಹಸಿರು. ನವಿಲಿನ ಕತ್ತಿಗೂ ಅದಕ್ಕೂ ಸಂಬಂಧವಿಲ್ಲ. ಕರಿಬೇವಿನ ಪಕ್ಕ ಇಟ್ಟರೆ ಸಾರಿಗೆ ಹಾಕಿಬಿಡಬಹುದು, ಅಂಥ ಹಸಿರು.

"ನಾನು ಆರಿಸಿದ್ದಾ?"

"ಹೂಂಗ."

"ದೊರೈಸಾಮಿಗೆ ಕೊಟ್ಟದ್ದು?"

"ಮಾರನೆ ದಿನ ಮಧ್ಯಾಹ್ನ ನೀವು ಮಲಗಿದ್ದಾಗ ಹಿತ್ತಿಲಲ್ಲಿ ನೋಡಿ ಬದಲಾಯಿಸಿ ಇಟ್ಟೆ."

"ನೀನು ನೋಡಿದರೆ ನವಿಲುನೀಲಿ ಹೊಂದುತ್ತಾ? ಯಾರು ಕಲಿಸಿದರು ನಿನಗೆ?"

"ಕಲಿಸೋದೇನು? ಮೂವತ್ತನಾಲ್ಕು ವರ್ಷ ನಿಮ್ಮ ಅಂಗಿ ಒಗೆದವಳು ಯಾರು? ಒಂದೊಂದು ದಿನ ಒಂದೊಂದು ಬಣ್ಣ ಹಚ್ಚಿಕೊಂಡು ಬತ್ತಾ ಇದ್ರಿ. ಬಕೆಟ್ಟಿಗೆ ಹಾಕ್ತಿದ್ದಂಗೆ ನೀರು ನೋಡಿ ಹೇಳ್ತಾ ಇದ್ದೆ, ಇವತ್ತು ಕಂಪನಿಯಲ್ಲಿ ಯಾವ ಬಣ್ಣ ಓಡಿದೆ, ಅದರಲ್ಲಿ ಏನು ಜಾಸ್ತಿಯಾಗಿದೆ ಅಂತ. ನಿಮಗೆ ಹೇಳಿರಲಿಲ್ಲ, ಅಷ್ಟೇ."

ನಾನು ಲಡಿಗಳನ್ನು ತಿರುವಿ ತಿರುವಿ ನೋಡಿದೆ. ಡಾಕ್ಟರ್ ಹೇಳಿದ ಮೂರು ವರ್ಷ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು.

"ಹೋದ ವರ್ಷದ ಸೀರೆ?"

ಅವಳು ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

"ಅದರ ಹಿಂದಿನದು?"

"ಅದಕ್ಕೆ ಒಂದು ಲಡಿ ಮಾತ್ರ ಬದಲಾಯಿಸಿದೆ. ಮೂರು ಸರಿಯಾಗೇ ಆರಿಸಿದ್ರಿ" ಎಂದಳು, ಸಮಾಧಾನ ಹೇಳುವ ಹಾಗೆ.

ಕಣ್ಣಿಗೆ ಬಂದದ್ದೂ ಪೊರೆ, ಕಾಯುವುದಕ್ಕೂ ನಮ್ಮಲ್ಲಿ ಪೊರೆ ಎಂದೇ ಹೇಳುವುದು. ನನ್ನ ಒಂದು ಪೊರೆಯನ್ನು ಡಾಕ್ಟರ್ ತೆಗೆದಳು. ಇನ್ನೊಂದು, ಸೆರಗು ಸಿಕ್ಕಿಸಿಕೊಂಡು ಎದುರಿಗೇ ನಿಂತಿತ್ತು.

ಮರುದಿನ ಶಾಲನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ರಾಜ್‌ಕುಮಾರ್ ಅಂಗಡಿಗೆ ಹೋದೆ. ನಾಚಿಕೆಯಾಗುತ್ತಿತ್ತು, ಆದರೂ ಅಮ್ಮನ ಸೀರೆಯ ವಿಷಯದಲ್ಲಿ ಸುಳ್ಳು ಹೊದ್ದುಕೊಂಡು ಕೂರುವುದು ನನ್ನಿಂದಾಗದು. 'ಇದು ನನಗೆ ಸಲ್ಲದು, ಮೂರು ವರ್ಷದಿಂದ ಬಣ್ಣ ಹೊಂದಿಸಿದವಳು ನನ್ನ ಹೆಂಡತಿ' ಎಂದು ಶಾಲನ್ನು ಅವನ ಮೇಜಿನ ಮೇಲಿಟ್ಟೆ.

ರಾಜ್‌ಕುಮಾರ್ ಎದ್ದು ನಿಂತು ನನ್ನನ್ನು ಕುರ್ಚಿಯಲ್ಲಿ ಕೂರಿಸಿದ.

"ಮಾಸ್ಟರ್, ನಮಗೆ ಗೊತ್ತು."

"ಏನು ಗೊತ್ತು?"

"ಎರಡು ವರ್ಷದ ಹಿಂದೆ ನಿಮ್ಮ ಮನೆ ದೊಡ್ಡಮ್ಮನೇ ಬಂದು ಹೇಳಿದ್ರು. ನೂಲು ಕೊಡೋದು ಕೊಂಚ ಮುಂಚೆ ಕೊಡಪ್ಪ, ನನಗೂ ಎರಡು ದಿನ ಬೇಕು ಅಂತ."

"ಗೊತ್ತಿದ್ದೂ ನನಗೆ ಯಾಕೆ ಶಾಲು ಹೊದಿಸಿದಿರಿ?"

ಅವನು ಶಾಲನ್ನು ನನ್ನ ಕಡೆಗೇ ಸರಿಸಿದ. "ಅವರಿಗೇ ಹೊದಿಸ್ತೀವಿ ಅಂದ್ವಿ ಮಾಸ್ಟರ್. ನಮ್ಮ ಮನೆಯವರಿಗೆ ಕೊಡದೆ ನನಗೆ ಕೊಟ್ರೆ ಇನ್ನು ಮೇಲೆ ನಾನು ನೂಲು ಮುಟ್ಟಲ್ಲ ಅಂದ್ಬಿಟ್ರು."

ಶಾಲನ್ನು ವಾಪಸು ಎತ್ತಿಕೊಂಡು ಬಂದೆ. ಬಿಸಿಲು ಜೋರಾಗಿತ್ತು. ನಾಚಿಕೆ ಎಲ್ಲೋ ಹಾದಿಯಲ್ಲೇ ಬಿದ್ದುಹೋಯಿತು. ಮನೆ ಮುಟ್ಟುವಷ್ಟರಲ್ಲಿ ನನ್ನ ಎದೆ ಎರಡು ಅಂಗುಲ ಹಿಗ್ಗಿತ್ತು. ಮೊದಲೆಲ್ಲ ನನ್ನೊಬ್ಬನ ಜಂಬವನ್ನು ಹೊತ್ತು ತಿರುಗುತ್ತಿದ್ದೆ, ಈಗ ಇಬ್ಬರದು. ತಂಗಮಣಿ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುತ್ತಿದ್ದಳು. ಹಿಂದಿನಿಂದ ಹೋಗಿ ಶಾಲು ಹೊದಿಸಿದೆ.

"ಏನಿದು, ಕೈಯೆಲ್ಲ ಹಿಟ್ಟು" ಎಂದಳು. ಆಮೇಲೆ ಅಂಚನ್ನು ಮೊಣಕೈಯಿಂದ ಸರಿಸಿ ನೋಡಿ, "ಈ ಕೆಂಪು ನಿಲ್ಲಲ್ಲ, ಬಿಡ್ತದೆ. ಬೇರೆಯಾಗೇ ಒಗೀಬೇಕು" ಎಂದಳು. ಶಾಲನ್ನು ಮಾತ್ರ ರುಬ್ಬುವುದು ಮುಗಿಯುವವರೆಗೂ ತೆಗೆಯಲಿಲ್ಲ.

ಕಳೆದ ವಾರ ಕಿಣತ್ತುಕಡವಿನಿಂದ ಈಶ್ವರನ್ ಎಂಬೊಬ್ಬರು ಮಗಳ ಮದುವೆಯ ಸೀರೆಗೆಂದು ನೂಲಿನ ಲಡಿಗಳನ್ನು ಹಿಡಿದು ಬಂದರು. ನಮ್ಮವರೇ, ರೈತರು. ಅಮ್ಮನ ಸೀರೆಯ ಸುದ್ದಿ ಅಲ್ಲಿಯವರೆಗೂ ಹೋಗಿದೆ.

"ಮಾಸ್ಟರ್ ಇದ್ದಾರೇನುಂಗ?" ಎಂದರು.

"ಇದ್ದಾರೆ. ಒಳಗೆ ಸಾರಿಗೆ ಒಗ್ಗರಣೆ ಹಾಕ್ತಿದ್ದಾರೆ. ಕೂತ್ಕೊಳ್ಳಿ, ಕರೀತೀನಿ" ಎಂದೆ.

ಅವರು ಗಲಿಬಿಲಿಯಾಗಿ, "ಮತ್ತೆ ನೀವು?" ಎಂದರು.

"ನಾನು ಮಾಸ್ಟರ ಮನೆಯವರು. ಲೈಟಿನ ಉಸ್ತುವಾರಿ ನನ್ನದು" ಎಂದು ಹೆಮ್ಮೆಯಿಂದಲೇ ಹೇಳಿ, ಹಗಲಾದರೂ ಪರವಾಗಿಲ್ಲ ಎಂದು ಆರು ಬಲ್ಬುಗಳನ್ನೂ ಹಚ್ಚಿ, ಗುಂಡಿಯನ್ನು ಬಲು ಜಾಗ್ರತೆಯಿಂದ ತಿರುಗಿಸಿ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ, ಬಣ್ಣ ನೋಡಲು ಹೇಳಿ ಮಾಡಿಸಿದಂಥ ಬೆಳಕನ್ನು ಸಿದ್ಧಪಡಿಸಿದೆ. ಇಷ್ಟು ತಿಂಗಳ ಅನುಭವವೆಲ್ಲ ಆ ತಿರುಗಿಸುವಿಕೆಯಲ್ಲಿತ್ತು.

ತಂಗಮಣಿ ಕೈ ಒರೆಸಿಕೊಳ್ಳುತ್ತ ಬಂದಳು. ಲಡಿಗಳನ್ನು ನೋಡಿದಳು. ಮೇಲೆ ಬಲ್ಬುಗಳನ್ನು ನೋಡಿದಳು. ನನ್ನನ್ನು ನೋಡಿದಳು.

"ಈ ಲೈಟಲ್ಲಿ ಯಾವ ಬಣ್ಣ ಕಾಣ್ತದೆ? ಬನ್ನಿ ಅಣ್ಣಾ, ಹಿತ್ತಿಲಿಗೆ. ಬಿಸಿಲಲ್ಲಿ ನೋಡೋಣ."

ಇಬ್ಬರೂ ಹೊರಗೆ ಹೋದರು. ಒಳಗೆ ನಾನು ಬಲ್ಬು ಆರಿಸಿದೆ. ಹೊರಗೆ ಅವಳು ಬಣ್ಣ ಆರಿಸಿದಳು.